ಹಂಡೆಯ ಮುಹೂರ್ತ

ಸಿಕಂದರಾಬಾದಿನ ನಮ್ಮ ದೇವಾಲಯದ ತರುಣರು, ಕ್ರಿಸ್‌ಮಸ್ಸಿನ ಬಿರಿಯಾನಿ ಹಂಡೆಯ ಮುಚ್ಚಳ ತೆಗೆಯುವ ಶುಭಮುಹೂರ್ತದಲ್ಲಿ ತೋರುವ ಉತ್ಸಾಹವನ್ನು, ಸಂಡೇಸ್ಕೂಲಿನಲ್ಲಿ ಪಾಠ ಹೇಳುವವರ ಪಟ್ಟಿ ತಮ್ಮೆಡೆಗೆ ಬಂದಾಗಲೂ ತೋರಿದ್ದರೆ, ಸಭಾಪಾಲಕರ ಕೇಶರಾಶಿಯು ಹೀಗೆ ಅಕಾಲದಲ್ಲಿ ವಿರಳವಾಗುತ್ತಿರಲಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಪಟ್ಟಿ ಸಮೀಪಿಸಿದೊಡನೆ ಒಬ್ಬನಿಗೆ ಗಂಟಲುಕೆರೆತ, ಮತ್ತೊಬ್ಬನಿಗೆ ಹೈಟೆಕ್ ಸಿಟಿಯಲ್ಲಿ ರಾತ್ರಿಪಾಳಿ. ಹಾಗೆಂದು ಸುವಾರ್ತಾಪ್ರಸಾರವೇನೂ ನಿಂತಿಲ್ಲ. ಪ್ರಾತಃಕಾಲದ ವಾಟ್ಸಾಪಿನಲ್ಲಿ ಗುಲಾಬಿಪುಷ್ಪಸಹಿತವಾದ ದೇವವಾಕ್ಯವು ಕ್ರೈಸ್ತರಿಂದ ಕ್ರೈಸ್ತರಿಗೇ ನಿತ್ಯವೂ ತಲಪುತ್ತಿದೆ!

ತಮಿಳುಸೀಮೆಯಿಂದ ಬಂದು, ನಿಜಾಮರ ರಾಜ್ಯದ ದೋರ್ನಕಲ್ಲಿನಲ್ಲಿ ಡೇರೆ ಹೂಡಿ, ತೆಲುಗು ಕಲಿತು, 1912ರಲ್ಲಿ ಆಂಗ್ಲಿಕನ್ ಸಭೆಯ ಪ್ರಥಮ ಭಾರತೀಯ ಬಿಷಪ್ಪರಾದ ವಿ. ಎಸ್. ಅಜರಯ್ಯನವರು, ದೀಕ್ಷಾಸ್ನಾನ ಹೊಂದಿದವರಿಂದ ಅವರವರ ತಲೆಯ ಮೇಲೆಯೇ ಕೈಯಿಡಿಸಿ, ಸುವಾರ್ತೆಯನ್ನು ಸಾರದೆ ಇರೆವೆಂದು ಪ್ರತಿಜ್ಞೆ ಮಾಡಿಸುತ್ತಿದ್ದರಷ್ಟೆ. ಇದನ್ನು ಒಬ್ಬ ತರುಣನಿಗೆ ಗಾಂಭೀರ್ಯದಿಂದ ಅರುಹಲು, “ಅಂಕಲ್, ತಲೆ ಮುಟ್ಟಿದರೆ ಜೆಲ್ ಕೆಡುತ್ತದೆ” ಎಂದನು.

ಆದರೂ ಪುಣ್ಯಾತ್ಮ ಹೆಸರು ಬರೆದನು. ಕನ್ನಡ, ತೆಲುಗು, ದಖನಿಗಳನ್ನು ಯಥೇಚ್ಛವಾಗಿ ಬೆರೆಸಿ ಅವನು ಹೇಳುವ ಕಥೆಯಲ್ಲಿ ನೋಹನ ನಾವೆಯು ಈಗ ಹುಸೇನ್‌ಸಾಗರದಲ್ಲಿ ತೇಲುತ್ತಿದೆ. ಅರರಾಟ್ ಪರ್ವತದ ವಿಷಯವನ್ನು ಮುಂದಿನ ವಾರ ನೋಡಿಕೊಳ್ಳುವನಂತೆ. ಮಕ್ಕಳಂತೂ ಒಬ್ಬರೂ ತಪ್ಪಿಸಿಕೊಳ್ಳುತ್ತಿಲ್ಲ.