‘ಬಾಯಿಗೆ ಬಟ್ಟೆ ಕಟ್ಟಿದರೆ ನೀರು ಶುದ್ಧವಾಗ್ತದಾ?’: ಆದಿ ಉಡುಪಿಯ ನಳ್ಳಿಯೊಂದಿಗೆ ಮಾತುಕತೆ

ಸಂದರ್ಶನಕ್ಕೆ ಸಮಯ ಕೊಡಲು ಮಂತ್ರಿಗಳೂ ಇಷ್ಟು ಸತಾಯಿಸುವುದಿಲ್ಲ. ‘ನೀರು ಬಿಡುವ ದಿನವೇ ಬನ್ನಿ, ಬೆಳಕು ಹರಿಯುವ ಮೊದಲು ಬನ್ನಿ, ಬರುವಾಗ ಕೊಡಪಾನ ಹಿಡಿದುಕೊಂಡು ಬನ್ನಿ’ ಎಂದು ಮೂರು ಷರತ್ತು. ಮಲ್ಪೆಯಿಂದ ಮೀನಿನ ಲಾರಿಗಳು ನೀರು ತೊಟ್ಟಿಕ್ಕಿಸುತ್ತ ಓಡುವ ರಸ್ತೆಯಿಂದ ಸ್ವಲ್ಪ ಒಳಗೆ, ಆದಿ ಉಡುಪಿಯ ಒಂದು ಓಣಿಯ ತಿರುವಿನಲ್ಲಿ, ಪಾಚಿಗಟ್ಟಿದ ಮುರಕಲ್ಲಿನ ಕಂಪೌಂಡಿಗೆ ಒರಗಿ ನಿಂತಿದೆ ಈ ನಳ್ಳಿ. ಮೈ ಪ್ಲಾಸ್ಟಿಕ್ಕಿನದು, ತಿರುಗಣೆ ನೀಲಿ, ಬಾಯಿಗೆ ಹಳೇ ಪಂಚೆಯ ತುಂಡು. ನಾವು ಹೋದಾಗ ಮೊದಲು ‘ಸುಂಯ್’ ಎಂದು ಗಾಳಿ ಬಿಟ್ಟಿತು, ಎರಡು ಸಲ ಕೆಮ್ಮಿತು, ಕೆಂಪಗೆ ಒಮ್ಮೆ ಉಗುಳಿತು. ಆಮೇಲೆ ಮಾತಿಗೆ ತೊಡಗಿತು.

ನಮಸ್ಕಾರ. ಬಾಯಿಗೆ ಬಟ್ಟೆ ಯಾಕೆ? ಮಾತಾಡಬೇಡಿ ಅಂತ ಮೇಲಿನಿಂದ ಆದೇಶ ಬಂದಿದೆಯಾ?

ಮೊದಲು ಅದನ್ನು ಬಿಚ್ಚಿ ಮಾರಾಯ್ರೆ, ಉಸಿರು ಕಟ್ತದೆ. ಆದೇಶವೂ ಇಲ್ಲ ಎಂತದೂ ಇಲ್ಲ, ಇದು ಆಚೆ ಮನೆಯವರ ಶುದ್ಧೀಕರಣ ಘಟಕ! ಮರಳು, ಕಸಕಡ್ಡಿ ತಡೆದೀತು, ಬೇಡ ಅನ್ನುವುದಿಲ್ಲ. ಆದರೆ ರೋಗಾಣುವಿಗೆ ಈ ಪಂಚೆಯ ಎಳೆ ಎಳೆಯ ನಡುವೆಯೂ ಮಹಾದ್ವಾರ ಉಂಟು. ಬಿಚ್ಚಿ ಒಮ್ಮೆ ಮೂಸಿ ನೋಡಿ. ಲೋಳೆ ಹಿಡಿದಿದೆ. ಕಟ್ಟಿದ ಮೇಲೆ ತೊಳೆದವರಿಲ್ಲ. ಬಂದ ನೀರು ಶುದ್ಧವಾಗಿಯೇ ಇದ್ದರೂ ಇದನ್ನು ದಾಟಿ ಕೊಡಪಾನಕ್ಕೆ ಬೀಳುವಾಗ ಜಾತಕ ಕೆಟ್ಟಿರ್ತದೆ.

ನಿಮ್ಮ ವಂಶದ ಬಗ್ಗೆ ಸ್ವಲ್ಪ ಹೇಳಿ.

ನನ್ನ ಹಿಂದಿನವರು ಹಿತ್ತಾಳೆಯವರು. ರಾತ್ರಿ ಯಾರೋ ಕಿತ್ತುಕೊಂಡು ಹೋಗಿ ಗುಜರಿಗೆ ಹಾಕಿದರು. ಪ್ಲಾಸ್ಟಿಕ್ಕಿನವನಿಗೆ ಆ ಯೋಗ ಇಲ್ಲ, ಹಾಗಾಗಿ ಬದುಕಿದ್ದೇನೆ. ವಂಶದಲ್ಲಿ ಚರಿತ್ರೆಗೆ ಸೇರಿದವರು ಅಂದರೆ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ದೊಡ್ಡಜ್ಜ, ಒಂದು ಕೈಪಂಪು. 1854ರಲ್ಲಿ ಆ ಬೀದಿಯ ಸುತ್ತ ಕಾಲರಾ ಎದ್ದಾಗ ಜಾನ್ ಸ್ನೋ ಅಂತ ಒಬ್ಬ ವೈದ್ಯ ಮನೆ ಮನೆ ತಿರುಗಿ, ಸತ್ತವರು ಎಲ್ಲಿಯ ನೀರು ಕುಡಿದವರು ಅಂತ ಲೆಕ್ಕ ಹಾಕಿದ. ಬೊಟ್ಟು ಹೋಗಿ ನಿಂತದ್ದು ಅಜ್ಜನ ಮೇಲೆ. ಹಿಡಿಕೆಯನ್ನೇ ಬಿಚ್ಚಿಸಿದರು. ಅಜ್ಜ ನೋಡಲಿಕ್ಕೆ ಚೊಕ್ಕವಾಗಿಯೇ ಇದ್ದ, ಪಕ್ಕದಲ್ಲಿ ಸೋರುತ್ತಿದ್ದ ಮಲಗುಂಡಿಯದ್ದೇ ಸಮಸ್ಯೆ. ಅಲ್ಲಿಂದ ಇಲ್ಲಿವರೆಗೆ ನಮ್ಮ ಕುಲದ ಕಷ್ಟ ಒಂದೇ: ತಪ್ಪು ಪಕ್ಕದವನದ್ದು, ಹೆಸರು ನಮ್ಮದು.

ನಿಮ್ಮ ನೀರು ಎಲ್ಲಿಂದ ಬರುತ್ತದೆ?

ಸ್ವರ್ಣೆಯಿಂದ. ಕಾರ್ಕಳ ತಾಲೂಕಿನ ಮಾಳದ ಕಡೆ ಘಟ್ಟದಲ್ಲಿ ಹುಟ್ಟಿ ಇಳಿದು ಬರುವ ಹೊಳೆ. ಹಿರಿಯಡ್ಕದ ಹತ್ತಿರ ಬಜೆಯಲ್ಲಿ ಅಣೆಕಟ್ಟು. ಅಲ್ಲಿ ಎತ್ತಿ, ಸೋಸಿ, ಕ್ಲೋರಿನ್ ಹಾಕಿ ಉಡುಪಿ, ಮಣಿಪಾಲಕ್ಕೆ ಕಳಿಸ್ತಾರೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಆದರೂ 2019ರ ಮೇ ತಿಂಗಳಲ್ಲಿ ಬಜೆ ಒಣಗಿತು. ಹೊಳೆಯ ಗುಂಡಿ ಗುಂಡಿಗಳಲ್ಲಿ ಉಳಿದ ನೀರಿಗೆ ಪಂಪು ಇಟ್ಟು ಅಣೆಕಟ್ಟಿಗೆ ಎಳೆದರು. ಆಗಿನ ಶಾಸಕರ ಮುಂದಾಳತ್ವದಲ್ಲಿ ಶ್ರಮದಾನವೂ ನಡೆಯಿತು. 2023ರ ಜೂನಿನಲ್ಲಿ ಮಳೆ ತಡ ಮಾಡಿದಾಗ ಮತ್ತೆ ಅದೇ ಮಂಡೆಬಿಸಿ. ವಾರಾಹಿ ಹೊಳೆಯಿಂದ ನೀರು ತರುವ ಯೋಜನೆಯೂ ಉಂಟು. ಸಂತೋಷ. ಆದರೆ ಎಲ್ಲರ ಪ್ರಶ್ನೆಯೂ ‘ನೀರು ಬರ್ತದಾ?’ ಅಂತ. ‘ಎಂತಹ ನೀರು ಬರ್ತದೆ?’ ಅಂತ ಕೇಳಿದವರನ್ನು ನಾನು ಈ ತಿರುವಿನಲ್ಲಿ ಕಂಡಿಲ್ಲ.

ಶುದ್ಧ ಮಾಡಿಯೇ ಕಳಿಸುತ್ತಾರಲ್ಲ, ಮತ್ತೇನು ಚಿಂತೆ?

ಹೊರಟದ್ದು ಶುದ್ಧ, ಒಪ್ಪಿದೆ. ಮುಟ್ಟಿದ್ದರ ಕಥೆ ಕೇಳಿ. ನೀರು ಬಿಟ್ಟಿರುವಾಗ ಪೈಪಿನೊಳಗೆ ಒತ್ತಡ ಇರ್ತದೆ. ಎಲ್ಲಾದರೂ ಬಿರುಕು ಇದ್ದರೆ ಒಳಗಿನದ್ದು ಹೊರಗೆ ಚಿಮ್ಮುತ್ತದೆ, ಹೊರಗಿನದ್ದು ಒಳಗೆ ಬರುವುದಿಲ್ಲ. ನಿಲ್ಲಿಸಿದ ಮೇಲೆ ಪೈಪು ಬರಿದಾಗ್ತದೆ. ಆಗ ಅದೇ ಬಿರುಕು ಸುತ್ತಲಿನ ತೇವವನ್ನು ಒಳಗೆ ಎಳೆದುಕೊಳ್ತದೆ. ಸುತ್ತ ಇರುವುದು ಎಂತ? ಮಳೆಗಾಲದಲ್ಲಿ ತುಂಬಿದ ಚರಂಡಿ. ರಸ್ತೆ ಅಗಲ ಮಾಡುವವರು, ಕೇಬಲ್ ಹುಗಿಯುವವರು, ಗ್ಯಾಸ್ ಪೈಪಿನವರು, ಒಬ್ಬರಾದ ಮೇಲೆ ಒಬ್ಬರು ಅಗೆದದ್ದೇ. ಹಾರೆಯ ಪೆಟ್ಟು ಬಿದ್ದ ಜಾಗಕ್ಕೆ ಸೈಕಲ್ ಟ್ಯೂಬು ಸುತ್ತಿ ಮಣ್ಣು ಮುಚ್ಚಿದರೆ ಕೆಲಸ ಮುಗಿಯಿತು. ಇದರ ಮೇಲೆ ಕೆಲವು ಮನೆಯವರು ಪೈಪಿಗೇ ಮೋಟಾರು ಕೊಟ್ಟು ಎಳೀತಾರೆ. ಮೋಟಾರಿಗೆ ನೀರು ಯಾವುದು, ಚರಂಡಿ ಯಾವುದು ಅಂತ ಗೊತ್ತುಂಟಾ? ಎಳೆದದ್ದೇ ಎಳೆದದ್ದು. ನಾನು ಕೆಟ್ಟವನಾಗುವುದು ನೀರು ಬರುವ ಎರಡು ಗಂಟೆಯಲ್ಲಿ ಅಲ್ಲ ಸ್ವಾಮಿ, ನೀರು ಬಾರದ ಉಳಿದ ಹೊತ್ತಿನಲ್ಲಿ.

ಅದಕ್ಕೇ ಕ್ಲೋರಿನ್ ಇದೆಯಲ್ಲ?

ಉಂಟು. ಬಜೆಯಿಂದ ನನ್ನ ಜೊತೆ ಬರುವ ಕಾವಲುಗಾರ ಅವನೊಬ್ಬನೇ. ದಾರಿಯಲ್ಲಿ ಸಿಕ್ಕಿದ ಕ್ರಿಮಿಗಳ ಜೊತೆ ಗುದ್ದಾಡಿ ಸವೆದು ಸವೆದು ಬರ್ತಾನೆ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. 100 ಮಿಲಿಲೀಟರ್ ನೀರಿನಲ್ಲಿ ಇ-ಕೊಲೈ ಒಂದೂ ಕಾಣಬಾರದು. ಉಳಿದಿದ್ದಾನೋ ಇಲ್ಲವೋ ನೋಡುವುದು ಕಷ್ಟವಲ್ಲ: ಪುಟ್ಟ ನಳಿಕೆಯಲ್ಲಿ ನೀರು ಹಿಡಿದು ಡಿಪಿಡಿ ಮಾತ್ರೆ ಹಾಕಿದರೆ ಗುಲಾಬಿ ಬಣ್ಣ ಬರ್ತದೆ. ಬಣ್ಣ ಬಾರದಿದ್ದರೆ ಕಾವಲುಗಾರ ದಾರಿಯಲ್ಲೇ ತೀರಿಕೊಂಡ ಅಂತ ಲೆಕ್ಕ.

ಗಮ್ಮತ್ತು ಎಂತ ಗೊತ್ತುಂಟಾ? ಅವನು ಜೀವಂತ ಬಂದ ದಿನವೇ ನನಗೆ ಬೈಗುಳ. ‘ಛೇ, ಬ್ಲೀಚಿಂಗ್ ವಾಸನೆ! ಚಹಾ ಹಾಳು, ಸಾರು ಹಾಳು!’ ಅಂತ ಫೋನಿನ ಮೇಲೆ ಫೋನು. ವಾಸನೆ ಇಲ್ಲದ ದಿನ ‘ಇವತ್ತು ನೀರು ಲಾಯ್ಕ ಉಂಟು’ ಅಂತ ಹೊಗಳಿಕೆ. ವಾಸನೆ ಬೇಡದಿದ್ದರೆ ಪಾತ್ರೆ ಸ್ವಲ್ಪ ಹೊತ್ತು ತೆರೆದಿಡಿ, ಹೋಗ್ತದೆ. ಕಾವಲುಗಾರನನ್ನು ಮಾತ್ರ ಬಾಗಿಲಲ್ಲೇ ಓಡಿಸಬೇಡಿ.

ಇಲ್ಲಿ ಮನೆಮನೆಗೆ ಬಾವಿ ಇದೆ. ‘ಕುಡಿಯಲಿಕ್ಕೆ ಬಾವಿ, ಬಟ್ಟೆ ಒಗೆಯಲಿಕ್ಕೆ ನಳ್ಳಿ’ ಎನ್ನುತ್ತಾರೆ. ಬೇಸರವಾಗುವುದಿಲ್ಲವೇ?

ಬಾವಿಯಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಒಂದು ಲೆಕ್ಕ ಹಾಕುವ. ಬಾವಿಗೂ ಮಲದ ಇಂಗುಗುಂಡಿಗೂ ಕನಿಷ್ಠ 15 ಮೀಟರ್ ದೂರ ಬೇಕು ಅಂತ ಹೇಳುವುದು. ಈಗಿನ ಸೈಟು ಎಷ್ಟು? 5 ಸೆಂಟ್ಸ್. ಅಂದರೆ 2,178 ಚದರ ಅಡಿ. ಚೌಕ ಅಂತ ಇಟ್ಟುಕೊಂಡರೆ ಒಂದು ಬದಿ 14 ಮೀಟರಿನ ಆಸುಪಾಸು. ಅದರೊಳಗೆ ಮನೆ, ಬಾವಿ, ಗುಂಡಿ, ತುಳಸಿಕಟ್ಟೆ, ಕಾರು. ಗುಂಡಿಯನ್ನು ನಮ್ಮ ಬಾವಿಯಿಂದ ದೂರ ಮಾಡಬೇಕು ಅಂತ ಮೂಲೆಗೆ ತಳ್ಳಿದರೆ ಅದು ಸರಿಯಾಗಿ ಪಕ್ಕದ ಮನೆಯ ಬಾವಿಯ ಬೆನ್ನಿಗೆ ಹೋಗಿ ಕೂರ್ತದೆ. ಪಕ್ಕದವರೂ ಅಷ್ಟೇ ಬುದ್ಧಿವಂತರು, ಅವರ ಗುಂಡಿ ನಮ್ಮ ಬಾವಿಯ ಹಿಂದೆ. ನಡುವೆ ಮುರಕಲ್ಲು, ತೂತು ತೂತು ಇರುವ ಕಲ್ಲು. ಮಳೆಗಾಲದಲ್ಲಿ ನೆಲದೊಳಗೆ ನೆರೆಹೊರೆಯ ಕೊಡುಕೊಳ್ಳುವಿಕೆ ಚೆನ್ನಾಗಿ ನಡೀತದೆ.

ಇಂದ್ರಾಣಿಯ ವಿಷಯ ಬೇರೆ ಹೇಳಬೇಕಾ? ಒಂದು ಕಾಲದಲ್ಲಿ ತೀರ್ಥ ಅನ್ನಿಸಿಕೊಂಡ ತೋಡು. ಊರಿನ ಕೊಳಚೆ ಕಲ್ಸಂಕದ ಕಡೆಯಿಂದ ಅದರಲ್ಲಿ ಹರಿದು, ದಡದ ಮನೆಗಳ ಬಾವಿ ಹಾಳಾಯಿತು ಅಂತ ಜನ ವರ್ಷಗಟ್ಟಲೆ ದೂರು ಕೊಟ್ಟಿದ್ದಾರೆ. ನಿಟ್ಟೂರಿನಲ್ಲಿ ಕೊಳಚೆ ಶುದ್ಧೀಕರಣ ಘಟಕ ಉಂಟು. ಆದರೆ ಕೊಳಚೆಗೆ ಅಲ್ಲಿಗೆ ಹೋಗುವ ದಾರಿ ಗೊತ್ತಿರಬೇಕಲ್ಲ! ಬಾವಿ ಕೆಟ್ಟವರು ಈಗ ಕುಡಿಯಲಿಕ್ಕೂ ನನ್ನ ಹತ್ತಿರವೇ ಬರ್ತಾರೆ. ಹಾಗಾಗಿ ಜವಾಬ್ದಾರಿ ಹೆಚ್ಚಿದೆ, ಸಂಬಳ ಹೆಚ್ಚಿಲ್ಲ.

ಆರ್‌ಒ ಯಂತ್ರ ಇಟ್ಟುಕೊಂಡರೆ ಎಲ್ಲ ಸಮಸ್ಯೆಯೂ ಮುಗಿಯಿತಲ್ಲ?

(ನಗುವಾಗ ನೀರು ಹಾರಿ ನಮ್ಮ ಅಂಗಿ ಒದ್ದೆಯಾಯಿತು.) ಮಾರುವವನು ಬಂದಿದ್ದ, ಇದೇ ಎದುರು ಮನೆಗೆ. ನನ್ನ ನೀರು ಒಂದು ಲೋಟ, ಅವನ ಯಂತ್ರದ ನೀರು ಒಂದು ಲೋಟ. ಎರಡಕ್ಕೂ ಸರಳು ಇಳಿಸಿ ಕರೆಂಟು ಕೊಟ್ಟ. ನನ್ನದು ನಿಮಿಷದೊಳಗೆ ಕಂದು ಬಣ್ಣಕ್ಕೆ ತಿರುಗಿ ಕೆಸರು ಕೆಸರಾಯಿತು, ಅವನದ್ದು ಹಾಗೇ ಇತ್ತು. ಮನೆಯೊಡತಿ ‘ಅಯ್ಯೋ ದೇವರೇ, ಇದನ್ನಾ ನಾವು ಇಷ್ಟು ವರ್ಷ ಕುಡಿದದ್ದು!’ ಅಂತ ಅಲ್ಲೇ ಮುಂಗಡ ಎಣಿಸಿದರು. ಆ ಕೆಸರು ನನ್ನದಲ್ಲ ತಾಯಿ, ಅವನ ಕಬ್ಬಿಣದ ಸರಳು ಕರಗಿದ್ದು! ಲವಣ ಇರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಸರಳು ಕರಗುತ್ತದೆ. ಲವಣ ತೆಗೆದ ನೀರಿನಲ್ಲಿ ಅಷ್ಟಾಗಿ ಹರಿಯುವುದಿಲ್ಲ. ಬೊಂಡದ ನೀರಿಗೆ ಇಳಿಸಿದ್ದರೆ ಅದೂ ಕೆಸರೇ.

ಇನ್ನು ಅವನ ಟಿಡಿಎಸ್ ಮೀಟರು. ಅದು ಅಳೆಯುವುದು ಕರಗಿದ ಲವಣವನ್ನು. ಘಟ್ಟದಿಂದ ಇಳಿದ ಹೊಳೆಯ ನೀರಿನಲ್ಲಿ ಲವಣ ಇರುವುದೇ ಅಷ್ಟರಷ್ಟಕ್ಕೆ. ಕಾಲರಾ, ಟೈಫಾಯಿಡ್ ರೋಗಾಣು ತುಂಬಿದ ಲೋಟಕ್ಕೂ ಆ ಮೀಟರು ‘ಫಸ್ಟ್ ಕ್ಲಾಸ್’ ಅಂತಲೇ ತೋರಿಸ್ತದೆ. ಉಪ್ಪುನೀರಿನ ಹಾವಳಿ ಇರುವ ಹೊಳೆಬಾಗಿಲು, ಕಡಲ ತಡಿಯ ಬಾವಿಯವರಿಗೆ ಆರ್‌ಒ ಬೇಕಾದೀತು, ಅದು ಬೇರೆ ಮಾತು. ಸ್ವರ್ಣೆಯ ನೀರಿಗೆ ಯಾಕೆ? ಬಜೆ ಒಣಗಿದ ಅದೇ 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಲು ಕೇಂದ್ರಕ್ಕೆ ಹೇಳಿತು. ಒಂದು ಲೋಟ ಕೊಟ್ಟು ಅದಕ್ಕಿಂತ ಹೆಚ್ಚು ನೀರನ್ನು ಬಚ್ಚಲಿಗೆ ಬಿಡುವ ಯಂತ್ರ ಅಂತ. ಇಲ್ಲಿ ಹೊಳೆಯ ಗುಂಡಿಯಿಂದ ಪಂಪು ಹಾಕಿ ಎಳೆದ ನೀರು, ಅಲ್ಲಿ ಅಡುಗೆಮನೆಯ ಪೈಪಿನಲ್ಲಿ ಚರಂಡಿಗೆ!

ಉಡುಪಿಯ ಜನ ಬಿಸಿನೀರು ಕುಡಿಯುವವರು. ಹೋಟೆಲಿನಲ್ಲೂ ಮೊದಲು ಕೇಳುವುದೇ ‘ಬಿಸಿ ನೀರಾ, ತಣ್ಣೀರಾ?’ ಅಂತ.

ಒಳ್ಳೆಯ ಅಭ್ಯಾಸ. ಆದರೆ ಜನ ಎಂತ ಹೇಳ್ತಾರೆ? ‘ಉಗುರು ಬೆಚ್ಚಗೆ ಕೊಡಿ.’ ಅಂದರೆ ಅರ್ಧ ಲೋಟ ಕುದಿಸಿದ್ದು, ಅದರ ಮೇಲೆ ಅರ್ಧ ಲೋಟ ನನ್ನದು. ಕುದಿಸಿ ಕೊಂದ ರೋಗಾಣುವಿನ ಜಾಗಕ್ಕೆ ಹೊಸಬರನ್ನು ನೇಮಿಸಿದ ಹಾಗೆ. ಕುದಿಸುವುದಾದರೆ ಕೊತಕೊತ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು, ತಾನಾಗಿ ಆರಲಿಕ್ಕೆ ಬಿಡಿ. ಕೈ ಅದ್ದಿ ಲೋಟ ಮುಳುಗಿಸಬೇಡಿ, ಸೌಟು ಉಂಟಲ್ಲ.

ಕೆಲವೊಮ್ಮೆ ನೀವು ಹಾಲಿನ ಹಾಗೆ ಬೆಳ್ಳಗೆ ಬರುತ್ತೀರಿ. ಜನ ಹೆದರುತ್ತಾರೆ.

ಹೆದರುವುದಕ್ಕೆ ಮೊದಲು ಗಾಜಿನ ಲೋಟದಲ್ಲಿ ಹಿಡಿದಿಟ್ಟು ನೋಡಿ. ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಬರೇ ಗಾಳಿಯ ಗುಳ್ಳೆ, ನಿಮಿಷದಲ್ಲಿ ಹೋಗ್ತದೆ. ಮೇಲೆ ತಿಳಿಯಾಗಿ ತಳದಲ್ಲಿ ಏನಾದರೂ ಕೂತರೆ ಮಣ್ಣು. ಕೆಂಪಗಿದ್ದರೆ ತುಕ್ಕು ಅಥವಾ ಅಗೆತದ ಮಣ್ಣು. ಮೊದಲ ನೀರು ಬಿಟ್ಟು ಹಿಡಿಯಿರಿ. ಕೊಳೆತ ವಾಸನೆ ಬಂದರೆ ಮಾತ್ರ ಹಿಡಿಯಲೇಬೇಡಿ, ದೂರು ಕೊಡಿ. ಆದರೆ ನಿಜವಾಗಿ ಹೆದರಬೇಕಾದ್ದು ಕಣ್ಣಿಗೆ ಕಾಣುವುದೇ ಇಲ್ಲ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. 2024ರ ಅಕ್ಟೋಬರಿನಲ್ಲಿ ನಮ್ಮದೇ ಜಿಲ್ಲೆಯ ಬೈಂದೂರು ತಾಲೂಕಿನ ಉಪ್ಪುಂದದಲ್ಲಿ ನೂರಾರು ಮಂದಿ ವಾಂತಿ ಭೇದಿಯಿಂದ ಮಲಗಿದರು. ಅಲ್ಲಿಯೂ ಮೊದಲ ಪರೀಕ್ಷೆ ಮಾಡಿದ್ದು ಜನರ ಹೊಟ್ಟೆ, ಪ್ರಯೋಗಾಲಯ ಆಮೇಲೆ.

ಹಾಗಾದರೆ ನಿಮ್ಮ ಬೇಡಿಕೆ ಏನು? ಹೊಸ ಅಣೆಕಟ್ಟೇ, ಹೊಸ ಪೈಪೇ?

ಅವೆಲ್ಲ ಕೋಟಿಯ ಮಾತು, ದೊಡ್ಡವರು ನೋಡಿಕೊಳ್ಳಲಿ. ನನ್ನದು ಚಿಲ್ಲರೆ ಬೇಡಿಕೆ. ಬಜೆಯಲ್ಲಿ ನೀರು ಹೇಗಿತ್ತು ಅಂತಲ್ಲ, ಪೈಪು ಮುಗಿಯುವಲ್ಲಿ ನಿಂತ ನನ್ನಂಥ ಕೊನೆಯ ನಳ್ಳಿಯಲ್ಲಿ ಹೇಗಿತ್ತು ಅಂತ ಪರೀಕ್ಷೆ ಮಾಡಿ. ಪ್ರತಿ ವಾರ್ಡಿಗೆ ಒಂದು ನಳ್ಳಿ ಸಾಕು. ಅದರಲ್ಲಿ ಉಳಿದ ಕ್ಲೋರಿನ್ ಎಷ್ಟು, ಇ-ಕೊಲೈ ಉಂಟೋ ಇಲ್ಲವೋ, ಈ ಎರಡು ಸಾಲನ್ನು ತಿಂಗಳ ನೀರಿನ ಬಿಲ್ಲಿನ ಹಿಂಬದಿಯಲ್ಲಿ ಅಚ್ಚು ಹಾಕಿ. ಮುಂಬದಿಯಲ್ಲಿ ನೀವು ಕೊಡಬೇಕಾದ್ದು ಇರ್ತದೆ, ಹಿಂಬದಿಯಲ್ಲಿ ನಿಮಗೆ ಸಿಕ್ಕಿದ್ದು ಇರಲಿ. ಹಿಂಬದಿ ಹೇಗೂ ಖಾಲಿ.

ಕೇಳಿದರೆ ಕೊಡುತ್ತಾರೆಯೇ?

ಮೊದಲು ಕೇಳಿ ಮಾರಾಯ್ರೆ! ಸುಮ್ಮನೆ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಉಂಟು. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಮಟ್ಟುಗುಳ್ಳ ಬದನೆ ಕೊಳ್ಳುವಾಗ ತೊಟ್ಟು ನೋಡ್ತೀರಿ, ಬಂಗುಡೆ ಕೊಳ್ಳುವಾಗ ಕಿವಿರು ಎತ್ತಿ ಕೆಂಪಗೆ ಉಂಟಾ ಅಂತ ನೋಡ್ತೀರಿ, ಹೆಚ್ಚುಕಡಿಮೆ ಆದರೆ ಮಲ್ಪೆ ಬಂದರು ಕೇಳುವ ಹಾಗೆ ಜಗಳ ಆಡ್ತೀರಿ. ದಿನಾ ಹೊಟ್ಟೆಗೆ ಹೋಗುವ ನೀರಿಗೆ ಮಾತ್ರ ಎಂತಕ್ಕೆ ಅಷ್ಟೊಂದು ಸಂಕೋಚ? ಈಗ ಆ ಕೊಡಪಾನ ಸರಿಸಿ, ನಿಮ್ಮ ಹಿಂದೆ ಸಾಲು ನಿಂತಿದೆ. ಅವರಿಗೂ ಈ ಅರ್ಜಿಯ ವಿಷಯ ಹೇಳಿ ಹೋಗಿ.