ಹಡಗಿಗೆ ಈಶಾನ್ಯ ಯಾವುದು?

1867ರಲ್ಲಿ ನ್ಯೂಯಾರ್ಕಿನಿಂದ ‘ಕ್ವೇಕರ್ ಸಿಟಿ’ ಎಂಬ ಉಗಿಹಡಗು ಯುರೋಪು, ಈಜಿಪ್ಟು, ಕ್ರೈಸ್ತರ ಪವಿತ್ರಭೂಮಿ ಎಲ್ಲ ನೋಡಿಕೊಂಡು ಬರಲು ಹೊರಟಾಗ ಟಿಕೆಟ್ಟಿಗೆ 1,250 ಡಾಲರ್. ದುಡ್ಡು ಎಣಿಸಿಟ್ಟರೆ ಸಾಲದು, ಅರ್ಜಿ ಹಾಕಿದವನು ಸಭ್ಯಸ್ಥ ಹೌದೋ ಅಲ್ಲವೋ ಎಂದು ಒಂದು ಸಮಿತಿ ಕೂತು ತೀರ್ಮಾನಿಸಬೇಕಿತ್ತು. ಜನರಲ್ ಷರ್ಮನ್ ಬರುತ್ತಾರೆ, ಹೆಸರಾಂತ ಬೋಧಕ ಹೆನ್ರಿ ವಾರ್ಡ್ ಬೀಚರ್ ಬರುತ್ತಾರೆ ಎಂದು ಪ್ರಚಾರವಾಗಿತ್ತು; ಇಬ್ಬರೂ ಬರಲಿಲ್ಲ. ಬಂದವನು ಮಾರ್ಕ್ ಟ್ವೇನ್. ಅವನ ಟಿಕೆಟ್ಟಿನ ದುಡ್ಡು ಕೊಟ್ಟದ್ದು ಒಂದು ಪತ್ರಿಕೆ. ಸಭ್ಯಸ್ಥರ ಪಟ್ಟಿಯಲ್ಲಿ ಪಾಸಾದ ಆ ಮನುಷ್ಯ 1869ರಲ್ಲಿ ಪುಸ್ತಕ ಬರೆದು ಸಹಪ್ರಯಾಣಿಕರನ್ನೆಲ್ಲ ಸಾಲಾಗಿ ನಿಲ್ಲಿಸಿ ಗೇಲಿ ಮಾಡಿದ. ಆಯ್ಕೆ ಸಮಿತಿಗಳ ಬಗ್ಗೆ ನನಗಿರುವ ಅಭಿಪ್ರಾಯಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಈಗಿನ ಹಡಗುಗಳು ಯಾರನ್ನೂ ಆರಿಸುವುದಿಲ್ಲ. ಆರಿಸುವ ಕಷ್ಟವನ್ನು ಪೂರ್ತಿ ಪ್ರಯಾಣಿಕನ ತಲೆಗೆ ಕಟ್ಟಿ ತಾವು ಹಗುರಾಗಿವೆ. ನನ್ನ ಅಕ್ಕ ಭಾವ ನ್ಯೂಜೆರ್ಸಿಯಲ್ಲಿ ನಿವೃತ್ತರಾಗಿ, ಮಕ್ಕಳ ಮದುವೆ ಮುಗಿಸಿ, ನಾಲ್ಕು ತಿಂಗಳ ಭೂಪ್ರದಕ್ಷಿಣೆಯ ಐಷಾರಾಮಿ ಹಡಗಿಗೆ ಹೆಸರು ಕೊಡುವುದೆಂದು ನಿಶ್ಚಯಿಸಿದ ಮೇಲೆ ನನಗೆ ಇದೆಲ್ಲ ತಿಳಿಯಿತು. ಅವರ ಪಾಲಿಗೆ ನಾನು ಹಡಗಿನ ತಜ್ಞ. ನನ್ನ ಮನೆ ಸುರತ್ಕಲ್ಲಿನಲ್ಲಿದೆ, ಪಣಂಬೂರಿನ ಬಂದರು ಹತ್ತಿರ, ಇಷ್ಟೇ ಅರ್ಹತೆ. ನಾನು ಕಂಡ ಹಡಗುಗಳಲ್ಲಿ ಹೆಚ್ಚಿನವು ಕಚ್ಚಾತೈಲವನ್ನೋ ಕಲ್ಲಿದ್ದಲನ್ನೋ ಹೊತ್ತು ಬರುವಂಥವು. ಅವುಗಳಿಗೆ ಬಾಲ್ಕನಿ ಇರುವುದಿಲ್ಲ.

ಭಾವ ವಾಟ್ಸಾಪಿನಲ್ಲಿ ಹಡಗಿನ ನಕ್ಷೆ ಕಳಿಸಿದರು. ಒಂದರ ಮೇಲೊಂದು ಮಹಡಿ, ಪ್ರತಿ ಮಹಡಿಯಲ್ಲೂ ಬೆಂಕಿಪೊಟ್ಟಣ ಜೋಡಿಸಿಟ್ಟಂತೆ ಕೋಣೆಗಳು, ಬೆಲೆಗೊಂದು ಬಣ್ಣ. ನಕ್ಷೆ ತಲುಪಿದ ಕೂಡಲೇ ಫೋನು. “ಮಾರಾಯ, ಇದರಲ್ಲಿ ಈಶಾನ್ಯ ಯಾವುದು?”

ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿ ಮೂರು ದಶಕ ಅಮೆರಿಕದಲ್ಲಿದ್ದವರಿಗೆ ನಾನೇನು ಹೇಳಲಿ? ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿದ ಬಾಗಿಲು ಸಂಜೆ ಹಡಗು ತಿರುಗಿದಾಗ ನೈರುತ್ಯಕ್ಕೆ ಹೋಗಿರುತ್ತದೆ; ತಲೆ ಉತ್ತರಕ್ಕೆ ಹಾಕಿ ಮಲಗಬಾರದು ಎಂದರೆ ರಾತ್ರಿಯಿಡೀ ಹಾಸಿಗೆಯ ಮೇಲೆ ಗಡಿಯಾರದ ಮುಳ್ಳಾಗಿ ತಿರುಗುತ್ತಿರಬೇಕು ಎಂದೆ. ಭಾವ ವಾಸ್ತುವನ್ನು ಕೈಬಿಟ್ಟರು, ಆದರೆ ಅಕ್ಕ ಸಂಖ್ಯೆಯನ್ನು ಹಿಡಿದುಕೊಂಡಳು. ಅವಳಿಗೆ ಎಂಟು ಆಗದು, ಅದು ಶನಿಯ ಸಂಖ್ಯೆ. ನೋಡಿದರೆ ಹಡಗಿನವರೂ ಕಡಿಮೆಯವರಲ್ಲ. ಬಹಳಷ್ಟು ಹಡಗುಗಳಲ್ಲಿ ಹನ್ನೆರಡನೆಯ ಡೆಕ್ಕಾದ ಮೇಲೆ ನೇರ ಹದಿನಾಲ್ಕನೆಯದು. ಇಟಲಿಯವರಿಗೆ ಹದಿನೇಳು ಅಪಶಕುನ, ಅವರ ಕೆಲವು ಹಡಗುಗಳಲ್ಲಿ ಹದಿನೇಳೇ ಮಾಯ. ಎರಡೆರಡು ಮಹಡಿಯನ್ನು ಹೆದರಿಕೆಗೆ ಬಲಿಕೊಟ್ಟವರು ನಮ್ಮಕ್ಕನ ಎಂಟೊಂದನ್ನು ಉಳಿಸಿಕೊಂಡಿದ್ದಾರಲ್ಲ ಎಂದು ಅವಳಿಗೆ ಬೇಸರ.

ಎಂಟರಲ್ಲೇ ಒಳ್ಳೆಯ ಕೋಣೆಗಳಿದ್ದವು ಎಂಬುದು ಬೇರೆ ಮಾತು. ಹಡಗಿನಲ್ಲಿ ಕೋಣೆ ಆರಿಸುವವನು ಕೋಣೆಯನ್ನು ನೋಡಬಾರದು, ಅದರ ತಲೆಯ ಮೇಲೆ ಏನಿದೆ, ಕಾಲ ಕೆಳಗೆ ಏನಿದೆ ಎಂದು ನೋಡಬೇಕು. ಈಜುಕೊಳದ ಡೆಕ್ಕಿನ ಅಡಿಯ ಕೋಣೆ ಕೊಂಡವರಿಗೆ ಬೆಳಗಿನ ಜಾವದಲ್ಲಿ ಒರಗುಕುರ್ಚಿಗಳನ್ನು ಎಳೆದಾಡುವ ಸದ್ದೇ ಸುಪ್ರಭಾತ. ನಾಟ್ಯಶಾಲೆಯ ಮೇಲಿನ ಕೋಣೆಯವರು ನಡುರಾತ್ರಿಯವರೆಗೆ ತಾಳ ಹಾಕುತ್ತಿರಬೇಕು. ಮೂತಿಯ ಹತ್ತಿರದವರು ಲಂಗರಿನ ಸರಪಳಿಯ ಗರಗರಕ್ಕೆ ಎಚ್ಚರಗೊಳ್ಳುತ್ತಾರೆ. ‘ಸಮುದ್ರದ ನೋಟ’ ಎಂದು ಅಗ್ಗಕ್ಕೆ ಸಿಕ್ಕಿದ ಕಿಟಕಿಯ ಎದುರು ಕಿತ್ತಳೆ ಬಣ್ಣದ ರಕ್ಷಣಾ ದೋಣಿ ತೂಗಾಡುತ್ತಿರುತ್ತದೆ. ನಾಲ್ಕು ತಿಂಗಳು ಅದರ ಹೊಟ್ಟೆಯನ್ನೇ ನೋಡಬೇಕು. ಅಲೆಯ ಲೆಕ್ಕ ಇನ್ನೊಂದು. ಮೇಲೆ ಹೋದಷ್ಟೂ ಪಕ್ಕಕ್ಕೆ ಓಲಾಟ ಹೆಚ್ಚು, ಮುಂದೆ ಹಿಂದೆ ಹೋದಷ್ಟೂ ಏರಿಳಿತ ಹೆಚ್ಚು. ಹೊಟ್ಟೆ ತಣ್ಣಗಿರಬೇಕೆಂದರೆ ನಟ್ಟನಡುವೆ, ಕೆಳಗಿನ ಮಹಡಿಯಲ್ಲಿರಬೇಕು. ಆದರೆ ದುಬಾರಿ ಕೋಣೆಗಳು ಹೆಚ್ಚಾಗಿ ಇರುವುದು ಮೇಲೆ. ಜಾಸ್ತಿ ದುಡ್ಡು ಕೊಟ್ಟವರು ಜಾಸ್ತಿ ತೂಗಾಡಲಿ ಎಂಬ ಈ ಏರ್ಪಾಟಿನಲ್ಲಿ ನನಗೆ ಒಂದು ಬಗೆಯ ನ್ಯಾಯ ಕಾಣುತ್ತದೆ.

ಎಡವೋ ಬಲವೋ ಎಂಬುದಕ್ಕೆ ಭಾವ ಬಹಳ ತಲೆ ಕೆಡಿಸಿಕೊಂಡರು. ಇಂಗ್ಲೆಂಡಿನಿಂದ ಮುಂಬೈಗೆ ಹಡಗುಗಳು ಬರುತ್ತಿದ್ದ ಕಾಲದಲ್ಲಿ ಇದು ನಿಜಕ್ಕೂ ದೊಡ್ಡ ಪ್ರಶ್ನೆ. ಕೆಂಪು ಸಮುದ್ರದಲ್ಲಿ ದಕ್ಷಿಣಕ್ಕೆ ಬರುವಾಗ ಬಲಮಗ್ಗುಲಿಗೆ ಮಧ್ಯಾಹ್ನದ ಬಿಸಿಲು ಬಡಿಯುತ್ತದೆ, ಹಿಂತಿರುಗುವಾಗ ಎಡಮಗ್ಗುಲಿಗೆ. ಹವಾನಿಯಂತ್ರಣ ಇಲ್ಲದ ಆ ದಿನಗಳಲ್ಲಿ ತಿಳಿದವರು ಬರುವಾಗ ಎಡ, ಹೋಗುವಾಗ ಬಲ ಹಿಡಿಯುತ್ತಿದ್ದರು. ನಮ್ಮ ವಿನಾಯಕ ಕೃ. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ಹಡಗಿನಲ್ಲೇ. ಆ ಪಯಣದಿಂದ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ಬಂದವು. ಅವರು ಯಾವ ಮಗ್ಗುಲಿನ ಕೋಣೆಯಲ್ಲಿ ಮಲಗಿದ್ದರೆಂದು ಯಾರೂ ವಿಚಾರಿಸಿದ ಹಾಗಿಲ್ಲ. ಭಾವ ಮಾತ್ರ ದಿಕ್ಸೂಚಿ, ಸೂರ್ಯೋದಯದ ಪಟ್ಟಿ ಎಲ್ಲ ಹಾಕಿ ಒಂದು ತಃಖ್ತೆ ತಯಾರಿಸಿದರು. ಅಷ್ಟರಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿದೆಯೆಂದು ಕಂಪನಿ ದಾರಿ ಬದಲಿಸಿ ಆಫ್ರಿಕಾವನ್ನು ಸುತ್ತಿ ಬರುವುದಾಗಿ ಪತ್ರ ಕಳಿಸಿತು. ತಃಖ್ತೆ ಇನ್ನೂ ಭಾವನ ಕಂಪ್ಯೂಟರಿನಲ್ಲಿದೆ. ಶಾಂತಿ ನೆಲೆಸಿದರೆ ಬಳಸಬಹುದು.

ಸೂಟ್ ರೂಮುಗಳ ಪುಟಕ್ಕೆ ಬಂದಾಗ ನಾವು ಮೂವರೂ ಸ್ವಲ್ಪ ಹೊತ್ತು ಮಾತು ಬಿಟ್ಟೆವು. 2016ರಲ್ಲಿ ಸಂಚಾರ ಶುರುಮಾಡಿದ ‘ಸೆವೆನ್ ಸೀಸ್ ಎಕ್ಸ್‌ಪ್ಲೋರರ್’ ಹಡಗಿನ ಅತಿದೊಡ್ಡ ಸೂಟ್ ಬಾಲ್ಕನಿ ಸೇರಿ 4,400 ಚದರಡಿಗೂ ಮೇಲೆ. ಮೂವತ್ತು ನಲವತ್ತರ ಸೈಟಿನ ಲೆಕ್ಕದಲ್ಲಿ ಮೂರೂವರೆ ಸೈಟು ನೀರಿನ ಮೇಲೆ ತೇಲುತ್ತಿದೆ. ಒಳಗೆ ಸ್ಟೈನ್‌ವೇ ಪಿಯಾನೊ ಇದೆ, ಸ್ವಂತಕ್ಕೊಂದು ಸ್ಪಾ ಇದೆ. ‘ಕ್ವೀನ್ ಮೇರಿ 2’ರಲ್ಲಿ ದೊಡ್ಡ ಸೂಟಿನವರಿಗೆ ಊಟದ ಮನೆಯೇ ಬೇರೆ, ಉಳಿದವರು ಅಲ್ಲಿ ಕಾಲಿಡುವಂತಿಲ್ಲ. ಅದೇ ಹಡಗು ಅಟ್ಲಾಂಟಿಕ್ ದಾಟುವಾಗ ನಾಯಿಗಳನ್ನೂ ಕರೆದೊಯ್ಯುತ್ತದೆ; ಕಾಲೆತ್ತಲು ಬ್ರಿಟಿಷ್ ನಾಯಿಗಳಿಗೆ ದೀಪದ ಕಂಬ, ಅಮೆರಿಕನ್ ನಾಯಿಗಳಿಗೆ ಅಗ್ನಿಶಾಮಕದ ನಲ್ಲಿ ನಿಲ್ಲಿಸಿದ್ದಾರೆ. ಇಷ್ಟು ಸೂಕ್ಷ್ಮ ಉಪಚಾರ ನಾನು ಮದುವೆಯ ಬೀಗರಿಗೂ ನಡೆದದ್ದು ಕಂಡಿಲ್ಲ.

ಕರಪತ್ರ ಓದುತ್ತ ಹೋದಂತೆ ನನಗನ್ನಿಸಿದ್ದು: ಹಡಗಿನಲ್ಲಿ ದುಡ್ಡು ಕೊಟ್ಟು ಕೊಳ್ಳುವ ಮುಖ್ಯ ಸರಕು ಮಿಕ್ಕ ಜನರಿಂದ ದೂರ. ಬೇರೆ ಬಾಗಿಲು, ಬೇರೆ ಲಿಫ್ಟು, ಬೇರೆ ಊಟ. ಕೊನೆಗೆ ಬೇರೆ ಬಟ್ಲರ್. ಅವನು ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸಿಡುತ್ತಾನೆಂದು ಕೇಳಿ ಅಕ್ಕ ಕಂಗಾಲಾದಳು. ಸೀರೆಗಳ ನಡುವೆ ಸುತ್ತಿಟ್ಟ ಹಲಸಿನ ಹಪ್ಪಳ, ಮೂರು ಬಗೆಯ ಚಟ್ನಿಪುಡಿ, ಇಂಗಿನ ಡಬ್ಬಿ, ಅನ್ನಕ್ಕೊಂದು ಪುಟ್ಟ ಎಲೆಕ್ಟ್ರಿಕ್ ಕುಕ್ಕರ್ ಇವನ್ನೆಲ್ಲ ಕೈಗವಸು ಹಾಕಿದ ಅಪರಿಚಿತ ಒಂದೊಂದಾಗಿ ಹೊರತೆಗೆಯುವ ಚಿತ್ರ ಅವಳ ನಿದ್ದೆ ಕೆಡಿಸಿತು. ಹಡಗಿನಲ್ಲಿ ಬೆಂಕಿಯ ಭಯದಿಂದ ಕುಕ್ಕರಿರಲಿ, ಇಸ್ತ್ರಿಪೆಟ್ಟಿಗೆ, ಚಹಾ ಕಾಯಿಸುವ ಕೆಟಲ್ ಕೂಡ ನಿಷಿದ್ಧ ಎಂದು ಭಾವ ನಿಯಮ ತೋರಿಸಿದರು. ಕುಕ್ಕರ್ ಉಳಿಯಿತು, ಹಪ್ಪಳ ಹೊರಟಿತು. ಸೂಟ್ ಬಿಟ್ಟು ಬಾಲ್ಕನಿಯ ಸಾಧಾರಣ ಕೋಣೆಯೇ ಸಾಕೆಂದು ಅಕ್ಕ ತೀರ್ಪು ಕೊಟ್ಟದ್ದು ಹೀಗೆ. ಭಾವ ಅದನ್ನು ಮಿತವ್ಯಯ ಎಂದು ಎಲ್ಲರಿಗೂ ಹೇಳಿಕೊಂಡರು.

ಕೋಣೆಯ ನಂತರ ದಡದ ವಿಹಾರಗಳು. ಕ್ವೇಕರ್ ಸಿಟಿಯ ಕಾಲದಲ್ಲಿ ದಡದ ಖರ್ಚಿಗೆ ದಿನಕ್ಕೆ ಐದು ಡಾಲರಿನ ಚಿನ್ನ ಸಾಕೆಂದು ಅಂದಾಜು ಕೊಟ್ಟಿದ್ದರು. ಈಗ ಪ್ರತಿ ಬಂದರಿಗೂ ಹೋಟೆಲಿನ ಮೆನುವಿನಷ್ಟು ಉದ್ದದ ಪಟ್ಟಿ. ಕೆಲವು ಕಂಪನಿಗಳಲ್ಲಿ ಸೂಟ್ ದೊಡ್ಡದಾದಷ್ಟು ಈ ಪಟ್ಟಿ ಮೊದಲು ತೆರೆಯುತ್ತದೆ; ಸಣ್ಣ ಕೋಣೆಯವರ ಸರದಿ ಬರುವಾಗ ಒಳ್ಳೆಯವೆಲ್ಲ ಖಾಲಿಯಾಗಿ ಬಸ್ಸಿನಿಂದಿಳಿಯದೆ ಊರು ಸುತ್ತುವ ‘ವಿಹಂಗಮ ದರ್ಶನ’ ಉಳಿದಿರುತ್ತದೆ.

ಬಂದರಿನ ಹೆಸರುಗಳನ್ನೂ ನಂಬುವಂತಿಲ್ಲ. ‘ರೋಮ್’ ಎಂದು ಬರೆದಿರುವ ಕಡೆ ಹಡಗು ನಿಲ್ಲುವುದು ಚಿವಿಟಾವೆಕ್ಕಿಯಾದಲ್ಲಿ, ರೋಮ್ ಅಲ್ಲಿಂದ ಸುಮಾರು 80 ಕಿಲೋಮೀಟರ್. ‘ಪ್ಯಾರಿಸ್’ ಎಂದರೆ ಲ ಹಾವ್ರ್, ಇನ್ನೂರು ಕಿಲೋಮೀಟರಿನಷ್ಟು ದೂರ. ‘ಬರ್ಲಿನ್’ ಬಾಲ್ಟಿಕ್ ತೀರದ ವಾರ್ನೆಮುಂಡೆ. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ, ನಡುವೆ ಅಷ್ಟಿಷ್ಟು ಬರ್ಲಿನ್. ಈ ಲೆಕ್ಕದಲ್ಲಿ ನಮ್ಮ ಪಣಂಬೂರಿನ ಬಂದರಿಗೆ ಶ್ರವಣಬೆಳಗೊಳ ಎಂದು ಬೋರ್ಡು ಹಾಕಲು ಅಡ್ಡಿಯಿಲ್ಲ. ಸ್ಯಾಂಟೊರಿನಿಯಲ್ಲಿ ದಡ ಎದುರಿಗೇ ಇದೆ, ಆದರೆ ಊರು ಬಂಡೆಯ ನೆತ್ತಿಯ ಮೇಲೆ. ಹಡಗು ದೂರದಲ್ಲಿ ಲಂಗರು ಹಾಕುತ್ತದೆ, ಸಣ್ಣ ದೋಣಿಯಲ್ಲಿ ದಡಕ್ಕೆ, ಅಲ್ಲಿಂದ ಕೇಬಲ್ ಕಾರಿನ ಸಾಲು, ಇಲ್ಲವೇ ಕತ್ತೆ, ಇಲ್ಲವೇ ಆರುನೂರರ ಹತ್ತಿರದ ಮೆಟ್ಟಿಲು. ಪಟ್ಟಿಯಲ್ಲಿ ಪ್ರತಿ ವಿಹಾರದ ಪಕ್ಕ ನಡಿಗೆಯ ಪ್ರಮಾಣ ತೋರಿಸುವ ಪುಟ್ಟ ಮನುಷ್ಯನ ಚಿತ್ರವಿದೆ: ಸುಲಭ, ಮಧ್ಯಮ, ಕಠಿಣ. ಮಧ್ಯಮ ಎಂದರೆ ಯಾರ ಮಂಡಿಗೆ ಮಧ್ಯಮ ಎಂಬುದು ಭಾವನ ನಿರಂತರ ಪ್ರಶ್ನೆ. ಆ ಚಿತ್ರ ಬರೆದವನಿಗೆ ಇಪ್ಪತ್ತೈದು ದಾಟಿರಲಾರದು ಎಂದು ನನ್ನ ಊಹೆ.

“ಸ್ವಂತ ಟ್ಯಾಕ್ಸಿ ಹಿಡಿದು ಹೋಗಬಾರದೇ? ಅರ್ಧಕ್ಕರ್ಧ ಉಳಿಯುತ್ತದೆ,” ಎಂದೆ. ಭಾವ ಗಂಭೀರರಾದರು. ಹಡಗಿನವರೇ ನಡೆಸುವ ವಿಹಾರದ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಕಂಪನಿಯದು. ಸ್ವಂತಕ್ಕೆ ಹೋದವನಿಗೆ ಯಾರೂ ಕಾಯುವುದಿಲ್ಲ. ಅವನು ಧಕ್ಕೆಯ ಉದ್ದಕ್ಕೂ ಓಡಿ ಬರುವಾಗ ಮೇಲಿನ ಬಾಲ್ಕನಿಗಳಲ್ಲಿ ನಿಂತವರು ಚಪ್ಪಾಳೆ ತಟ್ಟಿ ವಿಡಿಯೊ ಮಾಡುತ್ತಾರೆ. 2024ರ ಮಾರ್ಚಿನಲ್ಲಿ ಪಶ್ಚಿಮ ಆಫ್ರಿಕಾದ ಬಳಿಯ ಸಾವ್ ಟೊಮೆ ದ್ವೀಪದಲ್ಲಿ ಖಾಸಗಿ ವಿಹಾರಕ್ಕೆ ಹೋಗಿ ತಡವಾಗಿ ಬಂದ ಎಂಟು ಪ್ರಯಾಣಿಕರಿಗೆ ಹಡಗು ಕಣ್ಣೆದುರು ನಿಂತಿದ್ದರೂ ಹತ್ತಲು ಬಿಡಲಿಲ್ಲ. ಒಂದರ ಹಿಂದೊಂದು ದೇಶ ದಾಟಿ ಅವರು ಗ್ಯಾಂಬಿಯಾಕ್ಕೆ ಬಂದರೆ, ನೀರು ಇಳಿದಿದೆಯೆಂದು ಹಡಗು ಅಲ್ಲಿ ನಿಲ್ಲದೆ ಮುಂದೆ ಹೋಯಿತು. ಕೊನೆಗೆ ಹತ್ತಿದ್ದು ಸೆನೆಗಲ್‌ನ ಡಕಾರಿನಲ್ಲಿ. ಇಷ್ಟು ಆಫ್ರಿಕಾವನ್ನು ಯಾವ ಪ್ಯಾಕೇಜೂ ಆ ಬೆಲೆಗೆ ತೋರಿಸಲಾರದು ಎಂದು ನಾನಂದದ್ದು ಭಾವನಿಗೆ ರುಚಿಸಲಿಲ್ಲ.

ಹೀಗಾಗಿ ಹಡಗಿನಲ್ಲಿ ದೂರವನ್ನು ಕೊಂಡವರೆಲ್ಲ ದಡದಲ್ಲಿ ಮಂದೆಯನ್ನು ಕೊಳ್ಳುತ್ತಾರೆ. ಬೆಳಿಗ್ಗೆ ರಂಗಮಂದಿರದಲ್ಲಿ ಎಲ್ಲರನ್ನೂ ಕೂಡಿಸಿ ಎದೆಗೊಂದು ನಂಬರಿನ ಸ್ಟಿಕರು ಅಂಟಿಸಿ ಗುಂಪುಗುಂಪಾಗಿ ಇಳಿಸುತ್ತಾರೆ. ಪಿಯಾನೊ ಇರುವ ಆ ಮೂರೂವರೆ ಸೈಟಿನವರಿಗೆ ಮಾತ್ರ ಪ್ರತಿ ಬಂದರಿನಲ್ಲೂ ಸ್ವಂತ ಕಾರು, ಸ್ವಂತ ಗೈಡು. ಮಿಕ್ಕವರದು ಸ್ಟಿಕರಿನ ಬಾಳು.

ಈ ಸ್ಟಿಕರುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಳೆಗಾಲ ಕಳೆದ ಮೇಲೆ ನಮ್ಮ ನವಮಂಗಳೂರು ಬಂದರಿಗೂ ಬಿಳಿಯ ಹಡಗುಗಳು ಬರುತ್ತವೆ. ಚೆಂಡೆಯ ಸದ್ದು, ಯಕ್ಷಗಾನದ ವೇಷ, ಸೆಲ್ಫಿ, ಆಮೇಲೆ ಬಸ್ಸು. ಒಂದು ಬಸ್ಸು ಕಾರ್ಕಳಕ್ಕೆ, 1432ರ 42 ಅಡಿಯ ಗೊಮ್ಮಟನನ್ನು ನೋಡಲು. ಇನ್ನೊಂದು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ. ಮತ್ತೊಂದು ಸಂತ ಅಲೋಶಿಯಸ್ ಚಾಪೆಲ್ಲಿಗೆ, ಇಟಲಿಯ ಮೊಸ್ಕೇನಿ ಗೋಡೆ ಮಾಡು ಎಲ್ಲ ಬಿಡದೆ ಚಿತ್ರ ತುಂಬಿಸಿದ ಕಡೆಗೆ. ಇಟಲಿಯ ಪ್ರವಾಸಿ ಇಷ್ಟು ದೂರ ಬಂದು ಇಟಲಿಯವನ ಚಿತ್ರ ನೋಡಿ ಹೋಗುತ್ತಾನೆ. ಎಲ್ಲಕ್ಕಿಂತ ತನ್ಮಯರಾಗಿ ಅವರು ನಿಲ್ಲುವುದು ಗೇರುಬೀಜದ ಫ್ಯಾಕ್ಟರಿಯಲ್ಲಿ. ಹಡಗಿನಲ್ಲಿ ಬಟ್ಟಲು ಬಟ್ಟಲು ಮುಕ್ಕಿದ ಗೇರುಬೀಜಕ್ಕೆ ಇಷ್ಟು ಗಟ್ಟಿ ಸಿಪ್ಪೆಯಿದೆ, ಅದರ ಎಣ್ಣೆ ಕೈ ಸುಡುತ್ತದೆ, ಒಳಗಿನ ಪೊರೆಯನ್ನು ಒಬ್ಬ ಹೆಂಗಸು ಒಂದೊಂದಾಗಿ ಬಿಡಿಸುತ್ತಾಳೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಪೊರೆ ಬಿಡಿಸುವ ಹೆಂಗಸರು ಅವರನ್ನು ಅಷ್ಟೇ ಕುತೂಹಲದಿಂದ ನೋಡುತ್ತ ತುಳುವಿನಲ್ಲಿ ಏನೋ ಹೇಳಿಕೊಂಡು ನಗುತ್ತಾರೆ. ಅದನ್ನು ಗೈಡು ಅನುವಾದಿಸುವುದಿಲ್ಲ, ಒಳ್ಳೆಯದೇ.

ಕಳೆದ ವಾರ ಅಕ್ಕನ ಹಡಗಿನ ಹೊಸ ದಾರಿಯ ಪಟ್ಟಿ ಬಂತು. ಕೊಚ್ಚಿಯ ಮರುದಿನ ಮಂಗಳೂರು! ನನ್ನವಳು ಆಗಲೇ ಪತ್ರೊಡೆಗೆ ಕೆಸುವಿನೆಲೆ ಎಲ್ಲಿ ಸಿಕ್ಕೀತೆಂದು ಯೋಚಿಸತೊಡಗಿದಳು. ಬಂದರಿನ ಗೇಟಿನಿಂದ ನಮ್ಮ ಮನೆಗೆ ಕಾರಿನಲ್ಲಿ ಏನೂ ದೂರವಿಲ್ಲ. ಆದರೆ ಭಾವ ಹೆದ್ದಾರಿ 66ನ್ನು ಬಲ್ಲವರು. ಟ್ಯಾಂಕರ್ ಒಂದು ಅಡ್ಡ ನಿಂತರೆ? ಹಡಗು ತಪ್ಪಿದರೆ? ತಮ್ಮನ ಮನೆಯ ಊಟ ಖಾಸಗಿ ವಿಹಾರದ ಲೆಕ್ಕಕ್ಕೆ ಬರುತ್ತದೆ, ಕಂಪನಿ ಕಾಯುವುದಿಲ್ಲ. ಆದ್ದರಿಂದ ಅವರು ಗೇರುಬೀಜದ ಫ್ಯಾಕ್ಟರಿಯ ವಿಹಾರಕ್ಕೆ ಎರಡು ಸೀಟು ಕಾದಿರಿಸಿದ್ದಾರೆ. ನಾವು ಪತ್ರೊಡೆ ಕಟ್ಟಿಕೊಂಡು ಅಲ್ಲಿಗೆ ಬರಬೇಕು, ಪೊರೆ ಬಿಡಿಸುವ ಪ್ರಾತ್ಯಕ್ಷಿಕೆ ನಡೆಯುವಾಗ ಹಿಂದಿನ ಸಾಲಿನಲ್ಲಿ ಮಾತಾಡಬಹುದು. ಹೊರಗಿನ ತಿಂಡಿ ಹಡಗಿಗೆ ಒಯ್ಯುವಂತಿಲ್ಲವಾದ್ದರಿಂದ ಬಸ್ಸಿನಲ್ಲೇ ತಿಂದು ಮುಗಿಸುತ್ತಾರಂತೆ.

ಜೊತೆಗೆ ಇನ್ನೊಂದು ಅಪ್ಪಣೆ. ಪಟ್ಟಿಯಲ್ಲಿ ಈ ವಿಹಾರಕ್ಕೆ ‘ಮಧ್ಯಮ’ ಎಂದಿದೆ. ಒಳಗೆ ಮೆಟ್ಟಿಲು ಎಷ್ಟು, ಹಿಡಿಕಂಬಿ ಇದೆಯೋ ಇಲ್ಲವೋ ನೋಡಿ ತಿಳಿಸಬೇಕು. ನಿನ್ನೆ ಸಂಜೆ ಹೋಗಿ ಗೇಟಿನ ಬಳಿ ನಿಂತು ಇಣುಕುತ್ತಿದ್ದೆ. ಕಾವಲಿನವನು ಬಂದು ಮೇಲಿಂದ ಕೆಳಗೆ ಒಮ್ಮೆ ನೋಡಿ, “ಯಾವ ಹಡಗು ನಿಮ್ಮದು? ಸ್ಟಿಕರ್ ಎಲ್ಲಿ?” ಎಂದು ಕೇಳಿದ.