ದುರ್ಘಾತ ಮೀಮಾಂಸೆ
ಅರ್ಥಾತ್, ಏಳನೇ ನಂಬರ್ ಐರನ್ನಿನಿಂದ ನೆಲ ಅಗೆಯುವವರ ಉದ್ಧಾರಕ್ಕೊಂದು ಭಾಷ್ಯ

ಪೀಠಿಕೆ

1457ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಫುಟ್‌ಬಾಲ್ ಜೊತೆಗೆ ಗಾಲ್ಫನ್ನೂ ನಿಷೇಧಿಸಿತು. ಜನ ಬಿಲ್ಲುವಿದ್ಯೆ ಬಿಟ್ಟು ಆಟಕ್ಕೆ ಬಿದ್ದಿದ್ದರು ಎಂಬುದು ಇತಿಹಾಸಕಾರರು ಕೊಡುವ ಕಾರಣ. ನೆಲ ಹಾಳುಮಾಡುತ್ತಿದ್ದರು ಎಂಬುದಕ್ಕೆ ಆಧಾರವಿಲ್ಲ. ಆದರೂ ಹೊಸದಾಗಿ ಐರನ್ ಎಂಬ ಗಾಲ್ಫ್ ಕೋಲು ಹಿಡಿದವರನ್ನು ಕಣ್ಣಾರೆ ಕಂಡ ವಿದ್ವಾಂಸರು ಅದನ್ನು ಸುಲಭಕ್ಕೆ ತಳ್ಳಿಹಾಕಲಾರರು. 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದಾಗ ನಮ್ಮ ಕೆಮ್ಮಣ್ಣಿಗೂ ಈ ಸಂಸ್ಕಾರ ಒದಗಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಅವರಿಗೆ ಒಂದೇ ಹೊಡೆತದಲ್ಲಿ ಪದಕ ಕೈತಪ್ಪಿದಾಗ, ಗಾಲ್ಫ್ ಕೋಲನ್ನು ಮುಟ್ಟಿಯೂ ನೋಡದ ಮನೆಗಳಲ್ಲಿ ಭಾಷ್ಯಕಾರರು ಹುಟ್ಟಿಕೊಂಡರು. ಭಾಷ್ಯ ಬಂದಾಗಿತ್ತು, ಶಾಸ್ತ್ರ ಮಾತ್ರ ಬಾಕಿಯಿತ್ತು.

ಲಕ್ಷಣ

ಹೊಡೆದವನ ಶ್ರಮವೆಲ್ಲ ಖರ್ಚಾಗಿಯೂ ಚೆಂಡಿಗೆ ಅದರ ಪಾಲು ಸಲ್ಲದಿರುವುದೇ ದುರ್ಘಾತ. ಬೀಸಿದ ಕೋಲು ಚೆಂಡನ್ನು ಮುಟ್ಟದೇ ಹೋದರೆ ಅದೂ ದುರ್ಘಾತವೇ ಎಂದು ಕೇಳಿದರೆ, ಅಲ್ಲ. ಘಾತವೇ ಇಲ್ಲದಲ್ಲಿ ದುರ್ಘಾತವೆಲ್ಲಿಂದ ಬಂತು? ಅದು ವ್ಯಾಯಾಮಶಾಸ್ತ್ರದ ವಿಷಯ. ನಿಯಮಪುಸ್ತಕ ಮಾತ್ರ ಈ ಸೂಕ್ಷ್ಮಕ್ಕೆ ಸೊಪ್ಪು ಹಾಕದೆ, ಹೊಡೆಯಲೆಂದು ಬೀಸಿದ್ದಕ್ಕೂ ಒಂದು ಎಣಿಕೆ ಬರೆದುಕೊಳ್ಳುತ್ತದೆ.

ಭೇದ

ದುರ್ಘಾತ ನಾಲ್ಕು ವಿಧ. ಚೆಂಡಿಗಿಂತ ಮೊದಲು ನೆಲಕ್ಕೆ ಬಡಿದರೆ ಫ್ಯಾಟ್. ಇದರಲ್ಲಿ ಚೆಂಡಿಗಿಂತ ಹುಲ್ಲುಹೆಂಟೆ ದೂರ ಹೋಗುವುದುಂಟು. ಕೋಲಿನ ತಳದ ಅಂಚು ಚೆಂಡಿನ ನಡುವಿಗೆ ತಗುಲಿದರೆ ಥಿನ್. ಬೆರಳು ಜುಮ್ಮೆನ್ನುತ್ತವೆ, ಚೆಂಡು ಆಳೆತ್ತರಕ್ಕೂ ಏಳದೆ, ಕುಳಿಯ ಸುತ್ತಲಿನ ನುಣುಪು ಹುಲ್ಲು, ಅಂದರೆ ಗ್ರೀನ್, ದಾಟಿ ಓಡುತ್ತದೆ. ನೆತ್ತಿ ಸವರಿದರೆ ಟಾಪ್. ಕೋಲಿನ ಕುತ್ತಿಗೆಗೆ ತಗುಲಿ ಬಲಗೈ ಆಟಗಾರನ ಚೆಂಡು ಬಲಕ್ಕೆ, ಅಂದರೆ ಅಲ್ಲಿ ನಿಂತಿದ್ದ ನಿರಪರಾಧಿಗಳತ್ತ, ಚಿಮ್ಮಿದರೆ ಶ್ಯಾಂಕ್. ರಾತ್ರಿ ಹೊತ್ತು ಹಾವನ್ನು ಹುಳ ಎನ್ನುವಂತೆ, ಈ ನಾಲ್ಕನೆಯದರ ಹೆಸರನ್ನು ಆಟಗಾರರು ಮೈದಾನದಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ.

ಪೂರ್ವಪಕ್ಷ

ದುರ್ಘಾತದ ಕಾರಣವಾಗಿ ಮೂರು ಮತಗಳು ಚಾಲ್ತಿಯಲ್ಲಿವೆ.

ನೆಲಡೊಂಕುವಾದಿಗಳು ಕುಣಿಯಲಾರದವರ ಪುರಾತನ ಪರಂಪರೆಗೆ ಸೇರಿದವರು. ಅದೇ ನೆಲದಲ್ಲಿ ಪಕ್ಕದವನ ಚೆಂಡು ನೆಟ್ಟಗೆ ಹೋಗುವುದನ್ನು ಇವರು ಅಪವಾದವೆಂದು ಬದಿಗಿಡುತ್ತಾರೆ.

ಉಪಕರಣವಾದಿಗಳ ಪ್ರಕಾರ ದೋಷ ಕೋಲಿನದು, ಪರಿಹಾರ ಅಂಗಡಿಯದು. ಚೀಲದಲ್ಲಿ 14 ಕೋಲಿಗಿಂತ ಹೆಚ್ಚು ಇರಕೂಡದೆಂದು ನಿಯಮವಿರುವುದರಿಂದಲೇ ಈ ಮತಸ್ಥರ ಮನೆಮಠ ಉಳಿದಿವೆ.

ಶಿರೋವಾದಿಗಳದ್ದು ಒಂದೇ ಮಂತ್ರ: ತಲೆ ಎತ್ತಬೇಡಿ. ಇದನ್ನು ಜೊತೆಯಾಟಗಾರರು ಕೇಳದೆಯೇ ಉಪದೇಶಿಸುತ್ತಾರೆ. ಖಂಡನೆ ಸುಲಭ. ಸ್ವೀಡನ್ನಿನ ಆನಿಕಾ ಸೋರೆನ್‌ಸ್ಟಾಮ್ ಕೋಲು ಚೆಂಡಿಗೆ ತಗುಲುವ ಹೊತ್ತಿಗಾಗಲೇ ಗುರಿಯತ್ತ ಮುಖ ತಿರುಗಿಸುತ್ತಿದ್ದರು. ಹಾಗೆಯೇ ಮಹಿಳೆಯರ ಎಲ್‌ಪಿಜಿಎ ಟೂರಿನಲ್ಲಿ 72 ಪ್ರಶಸ್ತಿ ಗೆದ್ದರು. ತಲೆಯನ್ನು ಮೊಳೆ ಹೊಡೆದು ನಿಲ್ಲಿಸಿದವನ ಮೈಭಾರವೋ ಎಡಗಾಲಿಗೆ ಬರಲಾರದೆ ಬಲಗಾಲಲ್ಲೇ ಠಿಕಾಣಿ ಹೂಡುತ್ತದೆ.

ಸಿದ್ಧಾಂತ

ದುರ್ಘಾತದ ಮೂಲ ಪರೋಪಕಾರ. ನೆಲದ ಮೇಲೆ ಬಿದ್ದಿರುವ ಚೆಂಡನ್ನು ಕಂಡು ಹೊಸಬನಿಗೆ ಕನಿಕರ ಹುಟ್ಟುತ್ತದೆ. ಹಿಂದಕ್ಕೆ ವಾಲಿ, ಮಣಿಕಟ್ಟು ಮುರಿದು, ಅದನ್ನು ಎತ್ತಲು ಹೋಗುತ್ತಾನೆ. ಆಗ ಕೋಲಿನ ದಾರಿಯಲ್ಲಿ ಅತಿ ಕೆಳಗಿನ ಬಿಂದು ಚೆಂಡಿಗಿಂತ ಹಿಂದೆ ಬೀಳುತ್ತದೆ. ಅಲ್ಲಿ ನೆಲ ಸಿಕ್ಕರೆ ಫ್ಯಾಟ್. ನೆಲ ತಪ್ಪಿಸಿಕೊಂಡು ಮೇಲೇರುವಾಗ ಚೆಂಡು ಸಿಕ್ಕರೆ ಥಿನ್ ಅಥವಾ ಟಾಪ್. ಈಗ ಭೂಮಿ ಅಗೆದವನು ಮರುಗಳಿಗೆಯಲ್ಲೇ ಚೆಂಡಿನ ನೆತ್ತಿ ಸವರುವುದು ಹೀಗೆ.

ಏಳನೇ ನಂಬರ್ ಐರನ್ನಿನ ಮುಖ 30 ಡಿಗ್ರಿಯ ಆಸುಪಾಸು ಹಿಂದಕ್ಕೆ ವಾಲಿರುತ್ತದೆ. ಅಂದರೆ ಚೆಂಡು ಎತ್ತುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿದೆ. 45.93 ಗ್ರಾಂ ಮೀರದ ಚೆಂಡು ಕೋಲಿಗೆ ಅಂಟಿಕೊಂಡಿರುವುದು ಸುಮಾರು ಸೆಕೆಂಡಿನ 2000ದಲ್ಲಿ ಒಂದು ಭಾಗ. ಅಷ್ಟರೊಳಗೆ ಉಪಕಾರ ಮಾಡಲು ಯಾರಿಂದಲೂ ಆಗದು. ಬಲಗೈ ಆಟಗಾರ ಮೈಭಾರದ ಹೆಚ್ಚಿನ ಪಾಲನ್ನು ಎಡಗಾಲಿಗೆ ತಂದು, ಕೈಗಳನ್ನು ಕೋಲಿನ ಮುಖಕ್ಕಿಂತ ಮುಂದಿಟ್ಟು, ಮೊದಲು ಚೆಂಡು, ಆಮೇಲೆ ನೆಲ ಎಂಬ ಕ್ರಮದಲ್ಲಿ ಹೊಡೆಯತಕ್ಕದ್ದು. ಇಲ್ಲಿ ಶಬ್ದಪ್ರಮಾಣ ಬೇಕಾದವರು ಕ್ಯಾಡಿಯನ್ನು ಕೇಳಬೇಕು: “ಎತ್ಬೇಡಿ ಸಾರ್, ಕೆಳಕ್ ಹೊಡೀರಿ. ಅದೇ ಏಳತ್ತೆ.” ಇಡೀ ಶಾಸ್ತ್ರ ಇಷ್ಟೇ, ಉಳಿದದ್ದು ಸಂಪಾದಕರು ಕೇಳಿದ ಉದ್ದಕ್ಕಾಗಿ.

ಪ್ರಯೋಗ

ಒಂದು: ಚೆಂಡಿನ ಹಿಂದೆ ಗೇಣಿಗೆ ತುಸು ಕಡಿಮೆ ದೂರದಲ್ಲಿ ಟವೆಲ್ ಮಡಿಸಿಡಿ. ಟವೆಲ್ ಎಗರಿದರೆ ಫ್ಯಾಟ್ ಸಿದ್ಧವಾಯಿತು.

ಎರಡು: ಹುಲ್ಲಿನ ಮೇಲೆ ಸುಣ್ಣದ ಗೆರೆ ಎಳೆದು, ಚೆಂಡಿಲ್ಲದೆ ಅರ್ಧ ಸ್ವಿಂಗ್ ಬೀಸಿ. ಹುಲ್ಲು ಕಿತ್ತುಬಂದ ಗುರುತು, ಅಂದರೆ ಡಿವಟ್, ಗೆರೆಯಿಂದ ಗುರಿಯ ಕಡೆಗೆ ಇರಬೇಕು. ಡ್ರೈವಿಂಗ್ ರೇಂಜಿನ ಚಾಪೆಯ ಮಾತು ನಂಬಬೇಡಿ. ಹಿಂದೆ ಬಡಿದ ಕೋಲನ್ನೂ ಅದು ಜಾರಿಸಿ ಚೆಂಡಿಗೆ ಮುಟ್ಟಿಸುತ್ತದೆ. ಸುಳ್ಳು ಸಾಕ್ಷಿ.

ಮೂರು: ಕೋಲಿನ ಮುಖಕ್ಕೆ ಪೌಡರ್ ಹಚ್ಚಿ ಹೊಡೆಯಿರಿ. ಗುರುತು ಕುತ್ತಿಗೆಯ ಹತ್ತಿರ ಮೂಡಿದರೆ ನೀವು ಚೆಂಡಿಗೆ ಬಹಳ ಹತ್ತಿರ ನಿಂತಿರಬಹುದು, ಇಲ್ಲವೇ ಭಾರ ಕಾಲ್ಬೆರಳಿಗೆ ಜಾರುತ್ತಿರಬಹುದು.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿದವರಿಗೆ ಕ್ಲಬ್ಬಿನ ಕಾಫಿ ಮೇಜಿನಲ್ಲಿ ವಾದಜಯ. ಟವೆಲ್ ಹಾಸಿದವರಿಗೆ ಚೆಂಡಿನ ಊರ್ಧ್ವಗತಿ. ಕಿತ್ತ ಹೆಂಟೆಯನ್ನು ಅದರ ಜಾಗದಲ್ಲೇ ಇಟ್ಟು ತುಳಿದವರಿಗೆ ಮಾಲಿಯ ಕೃಪೆ. ಇದೊಂದನ್ನೂ ಮಾಡದೆ ಹೊಸ ಸೆಟ್ ಕೊಂಡವರಿಗೆ ತಿಂಗಳ ಕಂತು.